ಮೊದಲು ತಕ್ಕಡಿ ತಾ, ತಂಗಿ

ನಿನ್ನ ಗುಂಡ್ಯಾ ಬಾಟಲಿಗಟ್ಟಲೆ ನೀರು ಕುಡಿಯುತ್ತಾನೆ, ಮೈ ಮಾತ್ರ ಇಳಿಯುತ್ತಲೇ ಇದೆ ಅಂದಿ. ‘ಬ್ಯಾಸಗಿ ಐತಿ, ಮಂದೀಗೇ ನೀರಡಿಕಿ ತಡಿಯೂದಿಲ್ಲ, ಪಾಪ ಅದೇನ ಮಾಡೀತು’ ಅಂತ ನಿಮ್ಮಪ್ಪ. ‘ವಯಸ್ಸಾತು’ ಅಂತ ನಿಮ್ಮಮ್ಮ. ಅಂಗಡಿಯವನೊಬ್ಬ ಟಾನಿಕ್ ಕೊಟ್ಟು ಕಳಿಸಿದ್ದಾನೆ. ಮೂವರೂ ಊಹೆ ಹೇಳಿದ್ದಾರೆ, ಒಬ್ಬರೂ ಆ ಗಿನಿಪಿಗ್ಗನ್ನು ತೂಗಿಲ್ಲ. ನಾನು ದನದ ಡಾಕ್ಟರನಲ್ಲ, ಲ್ಯಾಬಿನಲ್ಲಿ ಮಂದಿಯ ರಕ್ತ, ಮೂತ್ರ ನೋಡುತ್ತ ನೌಕರಿ ಮುಗಿಸಿದವನು. ಔಷಧದ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಡಾಕ್ಟರ ಮುಂದೆ ಹೋಗಿ ನಿಲ್ಲುವ ಮೊದಲು ಮನೆಯಲ್ಲೇ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಬಿಸಿಲಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ ಪ್ರಾಣಿ. ಪೆರು, ಬೊಲಿವಿಯಾದ ಕಡೆ ಸಾವಿರಾರು ವರ್ಷದಿಂದ ಅದನ್ನು ಮಾಂಸಕ್ಕಾಗಿ ಮನೆಯೊಳಗೇ ಸಾಕಿದ್ದಾರೆ. ಅದರ ಮೈಗೆ ಹಿತವಾದದ್ದು 18ರಿಂದ 24 ಡಿಗ್ರಿಯ ಹವೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ನಮ್ಮ ಹುಬ್ಬಳ್ಳಿಯ ಕೇಶ್ವಾಪುರದ ಯಾವ ಮಹಡಿಯಲ್ಲಿ 24 ಡಿಗ್ರಿ ಸಿಕ್ಕೀತು? ಪಂಜರ ಗಚ್ಚಿನ ಮೇಲೆ ತಗಡಿನ ಕೆಳಗಿದ್ದರೆ ಇವತ್ತೇ ಕೆಳಗೆ ತಾ, ನೆಲದ ತಂಪಿಗೆ ಇಡು. ಆದರೆ ಬಿಸಿಲಿನ ನೀರಡಿಕೆ ಸಂಜೆ ಗಾಳಿ ಬಿಟ್ಟಮೇಲೆ ಇಳಿಯಬೇಕು. ರಾತ್ರಿಯೂ, ನಸುಕಿನಲ್ಲೂ ಅವನು ಬಾಟಲಿಯ ನಳಿಕೆಗೆ ಬಾಯಿ ಹಚ್ಚಿಯೇ ಇದ್ದಾನೆ, ಜತೆಗೆ ವಾರದಿಂದ ವಾರಕ್ಕೆ ಬೆನ್ನೆಲುಬು ಕೈಗೆ ಹತ್ತುತ್ತಿದೆ ಎಂದರೆ ಬಿಸಿಲನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಕಸುಬಿನವರಿಗೆ ಈ ಪ್ರಾಣಿ ಹೊಸದಲ್ಲ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟದ್ದು ಗಿನಿಪಿಗ್ಗುಗಳ ಮೇಲೆ ಪ್ರಯೋಗ ಮಾಡಿಯೇ. ಆಮೇಲೆ ಎಷ್ಟೋ ದಶಕ, ರೋಗಿಯ ಕಫದಲ್ಲೋ ನೀರಿನಲ್ಲೋ ಕ್ಷಯ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಅದನ್ನು ಗಿನಿಪಿಗ್ಗಿಗೆ ಚುಚ್ಚಿ ವಾರಗಟ್ಟಲೆ ಕಾಯುತ್ತಿದ್ದರು. ಕಾಯುವಾಗ ನೋಡುತ್ತಿದ್ದದ್ದು ಅದರ ತೂಕವನ್ನು. ಪ್ಲೇಗಿನ ಕಾಲದಲ್ಲಿ ಮುಂಬಯಿಯ ಪರೇಲ್ ಪ್ರಯೋಗಾಲಯದವರು ರೋಗ ಬಡಿದ ಮನೆಗಳಲ್ಲಿ ಇವನ್ನು ಬಿಟ್ಟು, ಮೈಗೆ ಹತ್ತಿದ ಇಲಿಯ ಚಿಗಟಗಳನ್ನು ಹಿಡಿದು ರೋಗದ ದಾರಿ ಪತ್ತೆ ಮಾಡಿದರು. 1898ರ ಪ್ಲೇಗಿಗೆ ತತ್ತರಿಸಿದ್ದ ಹುಬ್ಬಳ್ಳಿಯವರಾದ ನಾವು ಈ ಪ್ರಾಣಿಯ ಋಣದಲ್ಲೇ ಇದ್ದೇವೆ ಅನ್ನು. ನಾನು ಹೇಳಬೇಕಾದ್ದು ಬೇರೆ: ಇದು ನೋವನ್ನು ಕೂಗಿ ಹೇಳುವ ಜಾತಿಯಲ್ಲ. ಹದ್ದು, ನರಿಗಳ ಬಾಯಿಗೆ ಬೀಳುವ ಪ್ರಾಣಿ ಜಡ್ಡನ್ನು ಮುಚ್ಚಿಡುತ್ತದೆ. ಮುಚ್ಚಿಡಲು ಬಾರದ್ದು ತೂಕ ಒಂದೇ.

ಅದಕ್ಕೇ ಮೊದಲು ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಬುಟ್ಟಿಯಲ್ಲಿ ಹಳೇ ಟವೆಲ್ ಹಾಸಿ, ಸೊನ್ನೆಗೆ ತಂದು, ಅವನನ್ನು ಕೂರಿಸು. ದಿನಾ ಒಂದೇ ಹೊತ್ತಿಗೆ, ಮುಂಜಾನೆ ಸೊಪ್ಪು ಹಾಕುವ ಮೊದಲು ತೂಗು. ಹೊಟ್ಟೆ ತುಂಬಿದ್ದಾಗ, ಮೂತ್ರ ಹೋದಮೇಲೆ ಇಪ್ಪತ್ತು ಮೂವತ್ತು ಗ್ರಾಂ ಹಿಂದೆಮುಂದೆ ಆಗುವುದು ಸಹಜ, ಅದಕ್ಕೆ ಹೆದರಬೇಡ. ಬೆಳೆದ ಗಂಡು 900ರಿಂದ 1200 ಗ್ರಾಂ ಇರುತ್ತದೆ, ಹೆಣ್ಣು ತುಸು ಕಡಿಮೆ. ಆದರೆ ಪುಸ್ತಕದ ಈ ಅಂಕಿಗಿಂತ ಅವನದೇ ಹಳೆಯ ತೂಕ ಮುಖ್ಯ. ಸಾವಿರ ಗ್ರಾಂ ಇದ್ದವನು 900ಕ್ಕೆ ಬಂದನೆಂದರೆ ಮೈಯ ಹತ್ತರಲ್ಲೊಂದು ಪಾಲು ಹೋಯಿತು. 70 ಕೇಜಿಯ ಮನುಷ್ಯ 63 ಆದ ಲೆಕ್ಕ ಅದು. ಅಲ್ಲಿಗೆ ಮನೆಯ ತಪಾಸಣೆ ನಿಲ್ಲಿಸಿ ಆಸ್ಪತ್ರೆಗೆ ನಡೆ. ಮೊದಲೆಂದೂ ತೂಗಿಲ್ಲವಾದರೆ ಇವತ್ತಿನದೇ ಮೊದಲ ಅಂಕಿ. ಕ್ಯಾಲೆಂಡರಿನ ಮೇಲೆ ಬರೆ, ಮೊಬೈಲಿನಲ್ಲಿ ಬರೆದದ್ದು ಕಳೆದುಹೋಗುತ್ತದೆ.

ನೀರಿಗೂ ಅದೇ ತಕ್ಕಡಿ. ಒಂದು ಮಿಲಿ ನೀರು ಒಂದು ಗ್ರಾಂ. ಬಾಟಲಿ ತುಂಬಿ ತೂಗಿ ಇಡು, ಮರುದಿನ ಅದೇ ಹೊತ್ತಿಗೆ ಮತ್ತೆ ತೂಗು. ಒಣಹುಲ್ಲು, ಪೆಲೆಟ್ ತಿನ್ನುವ ಗಿನಿಪಿಗ್ ಕೇಜಿ ಮೈತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿ ಕುಡಿಯುತ್ತದೆ. ಹಸಿ ಸೊಪ್ಪು, ಸೌತೆಕಾಯಿ ಹೆಚ್ಚಿದ್ದರೆ ಇನ್ನೂ ಕಡಿಮೆ. ಈಚೆಗೆ ನೀವು ಹಸಿ ಸೊಪ್ಪು ನಿಲ್ಲಿಸಿ ಒಣ ಆಹಾರಕ್ಕೆ ಬದಲಿಸಿದ್ದರೆ ನೀರು ಹೆಚ್ಚು ಬೇಕಾಗುವುದು ನ್ಯಾಯವೇ. ಹಾಗೇನೂ ಇಲ್ಲದೆ ದಿನಾ 200 ಮಿಲಿ ಮುಗಿಯುತ್ತಿದ್ದರೆ ಅನುಮಾನಪಡು.

ಆದರೆ ಬಾಟಲಿ ಖಾಲಿಯಾದದ್ದೆಲ್ಲ ಹೊಟ್ಟೆಗೆ ಹೋಗಿದೆ ಎಂದು ನಂಬಬೇಡ. ಆ ಉಂಡೆ ಇರುವ ನಳಿಕೆಗಳು ಸೋರುತ್ತವೆ. ಕೆಲವು ಗಿನಿಪಿಗ್ಗಿಗೆ ಅದನ್ನು ಕಡಿಯುವುದೇ ಆಟ, ಅರ್ಧ ನೀರು ಹಾಸಿನ ಪಾಲು. ಅಂಥದ್ದೇ ಇನ್ನೊಂದು ಬಾಟಲಿಯನ್ನು ಪಂಜರದ ಹೊರಗೆ, ಅವನ ಬಾಯಿಗೆ ಎಟುಕದ ಕಡೆ ಒಂದು ದಿನ ತೂಗುಹಾಕು. ಅದರಲ್ಲಿ ಎಷ್ಟು ಇಳಿಯಿತೋ ಅದು ಸೋರಿಕೆ. ಇಲ್ಲವೆಂದರೆ ನಳಿಕೆಯ ಕೆಳಗೊಂದು ಸಣ್ಣ ಸ್ಟೀಲಿನ ಬಟ್ಟಲಿಡು. ಲ್ಯಾಬಿನಲ್ಲಿ ಇಂಥ ಜೋಡಿ ನೋಡದೆ ನಾವು ಯಾವ ಅಂಕಿಯನ್ನೂ ಬರೆಯುತ್ತಿರಲಿಲ್ಲ. ಪಂಜರದಲ್ಲಿ ಜೊತೆಗಾರನಿದ್ದರೆ ಯಾರು ಕುಡಿದರು ಎಂಬ ಜಗಳ ಬೇರೆ. ನಡುವೆ ಜಾಳಿಗೆ ಕಟ್ಟಿ ಒಂದು ರಾತ್ರಿ ಬೇರೆಮಾಡು, ಆದರೆ ಒಂದರ ಮುಖ ಒಂದಕ್ಕೆ ಕಾಣುತ್ತಿರಲಿ. ಇವು ಒಂಟಿಯಾದರೆ ಆ ದುಗುಡಕ್ಕೇ ಮೇವು ಬಿಡುತ್ತವೆ, ಆಗ ನಿನ್ನ ಲೆಕ್ಕವೂ ಕೆಡುತ್ತದೆ.

ಇನ್ನೊಂದು ಮಾತು, ಇದನ್ನು ಅಮ್ಮನಿಗೂ ಹೇಳು. ಹೆಚ್ಚು ಕುಡಿಯುತ್ತಾನೆಂದು ನೀರು ಕಡಿಮೆ ಮಾಡಬೇಡಿ. ನಳ ದಿನಬಿಟ್ಟು ದಿನಕ್ಕೂ ಬಾರದ ಊರಿನವರು ನಾವು, ಸುಮ್ಮನೆ ಹರಿದುಹೋಗುವ ನೀರು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಕಿಡ್ನಿ ಸೋತ ಪ್ರಾಣಿ, ಸಕ್ಕರೆ ಏರಿದ ಪ್ರಾಣಿ ಕುಡಿಯುವುದು ಮೂತ್ರದಲ್ಲಿ ಕಳಕೊಂಡದ್ದನ್ನು ತುಂಬಿಕೊಳ್ಳಲು. ಬಾಟಲಿ ತೆಗೆದರೆ ಒಂದೇ ದಿನದಲ್ಲಿ ಒಣಗಿಹೋಗುತ್ತದೆ.

ಈಗ ನಡುಮನೆಯ ಪ್ರಶ್ನೆ: ತಿನ್ನುತ್ತಾನೋ ಇಲ್ಲವೋ? ಕೇಳಿದರೆ ಎಲ್ಲರೂ ‘ತಿಂತಾನ್ರೀ ಕಾಕಾ’ ಎನ್ನುತ್ತಾರೆ. ಬಟ್ಟಲು ಖಾಲಿಯಾಗಿದೆ ಎಂಬುದಷ್ಟೇ ಅವರ ಸಾಕ್ಷಿ. ನೀನು ಮೇವು ಹಾಕಿ ಹತ್ತು ನಿಮಿಷ ಎದುರು ಕೂತು ನೋಡು, ಮೊಬೈಲಿನಲ್ಲಿ ಅದರ ವಿಡಿಯೊ ತೆಗೆ. ಡಾಕ್ಟರ ಟೇಬಲ್ಲಿನ ಮೇಲೆ ಅವನು ಹೆದರಿ ಕಲ್ಲಾಗಿರುತ್ತಾನೆ, ಅಲ್ಲಿ ಏನೂ ಕಾಣುವುದಿಲ್ಲ. ಹಿಕ್ಕೆಗಳನ್ನೂ ನೋಡು: ಮೊದಲಿಗಿಂತ ಸಣ್ಣಗಾಗಿವೆಯೇ, ಕಡಿಮೆಯಾಗಿವೆಯೇ? ಒಳಗೆ ಹೋದಷ್ಟೇ ಹೊರಗೆ ಬರುವುದು. ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಮಾತ್ರ ರೋಗವಲ್ಲ, ಅದು ಆ ಜಾತಿಯ ಪದ್ಧತಿ.

ಮೇವಿನ ಹತ್ತಿರ ಆಸೆಯಿಂದ ಓಡಿಬರುತ್ತಾನೆ, ಬಾಯಿಗೆ ಹಾಕುತ್ತಾನೆ, ಬೀಳಿಸುತ್ತಾನೆ. ಗಜ್ಜರಿ ಬಿಟ್ಟು ಮೆತ್ತಗಿನದನ್ನೇ ಆರಿಸುತ್ತಾನೆ. ಗದ್ದದ ಕೆಳಗೆ ಕೂದಲು ಒದ್ದೆ. ಹೀಗಿದ್ದರೆ ಹಲ್ಲಿನ ಮೇಲೆ ನನ್ನ ಮೊದಲ ಅನುಮಾನ. ಗಿನಿಪಿಗ್ಗಿನ ಇಪ್ಪತ್ತೂ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತವೆ, ಹುಲ್ಲು ತಿಂದು ತಿಂದು ಅವು ಸವೆಯಬೇಕು. ಹುಲ್ಲು ಕಡಿಮೆಯಾದರೆ ಕೆಳದವಡೆಯ ಹಿಂದಿನ ಹಲ್ಲುಗಳು ಒಳಕ್ಕೆ ಬಾಗಿ ನಾಲಗೆಯ ಮೇಲೆ ಕಮಾನು ಕಟ್ಟುತ್ತವೆ. ನಾಲಗೆ ಎತ್ತಲಾಗದೆ ನುಂಗುವುದೇ ನಿಲ್ಲುತ್ತದೆ. ಜನ ಮುಂದಿನ ನಾಲ್ಕು ಹಲ್ಲು ನೋಡಿ ‘ಹಲ್ಲ ಚಲೋ ಅದಾವು’ ಎಂದು ಸುಮ್ಮನಾಗುತ್ತಾರೆ. ಹಿಂದಿನವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಿವಿ ನೋಡುವ ಬೆಳಕಿನ ಉಪಕರಣವನ್ನು ಬಾಯಿಯೊಳಗೆ ತೂರಿಸಿ ಡಾಕ್ಟರೇ ನೋಡಬೇಕು, ಕೆಲವೊಮ್ಮೆ ಅರಿವಳಿಕೆ ಕೊಟ್ಟು ತಲೆಯ ಎಕ್ಸ್‌ರೇ ತೆಗೆಯಬೇಕು. ಒದ್ದೆ ಗದ್ದ ಬಾಟಲಿಯ ನೀರಿನದಲ್ಲ, ಜೊಲ್ಲಿನದು, ಮೂಸಿದರೆ ಗೊತ್ತಾಗುತ್ತದೆ. ಹಲ್ಲು ನೋಯುವ ಗಿನಿಪಿಗ್ ತಿನ್ನಲಾಗದೆ ಬರೀ ನೀರೇ ಕುಡಿಯುತ್ತ ಕೂರುವುದುಂಟು, ಹೀಗಾಗಿ ನೀರಡಿಕೆ ಮತ್ತು ಸೊರಗು ಎರಡಕ್ಕೂ ಒಂದೇ ಬೇರು ಬಾಯಲ್ಲಿ ಇದ್ದೀತು.

ಇದಕ್ಕೆ ಉಲ್ಟಾ ಇನ್ನೊಂದಿದೆ. ಚೆನ್ನಾಗಿ ತಿನ್ನುತ್ತಾನೆ, ಮೊದಲಿಗಿಂತ ಹೆಚ್ಚೇ ತಿನ್ನುತ್ತಾನೆ, ಪಂಜರದ ತುಂಬ ಚಡಪಡಿಸುತ್ತಾನೆ, ಆದರೂ ಮೈ ಹಿಡಿಯುವುದಿಲ್ಲ. ಮೂರು ವರ್ಷ ದಾಟಿದ ಪ್ರಾಣಿಯಲ್ಲಿ ಹೀಗಾದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ದುಡಿಯುತ್ತಿರಬಹುದು. ಕುತ್ತಿಗೆಯನ್ನು ಮೆಲ್ಲಗೆ ಸವರಿದರೆ ಕೆಲವೊಮ್ಮೆ ಗಂಟು ಸಿಗುತ್ತದೆ. ರಕ್ತದಲ್ಲಿ ಟಿ4 ನೋಡಿದರೆ ತಿಳಿಯುತ್ತದೆ, ಹತೋಟಿಯಲ್ಲಿಡಲು ಔಷಧವೂ ಇದೆ. ಇಲ್ಲಿ ಒಂದು ಅಪಾಯದ ಮಾತು: ‘ಥೈರಾಯ್ಡ್’ ಎಂಬ ಶಬ್ದ ಕೇಳಿದೊಡನೆ ಮನೆಯಲ್ಲಿರುವ ಅಮ್ಮನ ಥೈರಾಯ್ಡ್ ಮಾತ್ರೆಗೆ ಕೈ ಹಾಕಬೇಡ. ನಮ್ಮ ಮನೆಗಳ ಹೆಂಗಸರು ನುಂಗುವುದು ಬಹುಪಾಲು ಥೈರಾಕ್ಸಿನ್, ಗ್ರಂಥಿ ಕಡಿಮೆ ದುಡಿಯುವವರಿಗೆ ಕೊಡುವಂಥದ್ದು. ಇವನಿಗೆ ಕೊಟ್ಟರೆ ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ.

ತಿಂದೂ ಸೊರಗುವವರಲ್ಲಿ ಸಕ್ಕರೆ ಕಾಯಿಲೆಯೂ ಒಂದು. ನನ್ನ ಕಸುಬು ಇಲ್ಲಿ ಸ್ವಲ್ಪ ನೆರವಿಗೆ ಬಂದೀತು. ಔಷಧಿ ಅಂಗಡಿಯಲ್ಲಿ ಮೂತ್ರದ ಸ್ಟ್ರಿಪ್ ಸಿಗುತ್ತದೆ. ಹಾಸು ತೆಗೆದು, ತೊಳೆದು ಒರೆಸಿದ ಸ್ಟೀಲಿನ ತಾಟಿನ ಮೇಲೆ ಅವನನ್ನು ಸ್ವಲ್ಪ ಹೊತ್ತು ಬಿಡು, ಬಿದ್ದ ಮೂತ್ರವನ್ನು ಸೂಜಿ ತೆಗೆದ ಸಿರಿಂಜಿನಿಂದ ಎಳೆದುಕೋ. ಸುಣ್ಣದ ತಿಳಿಯ ಹಾಗೆ ಬೆಳ್ಳಗೆ ಮಬ್ಬಾಗಿದ್ದರೆ ಗಾಬರಿಯಾಗಬೇಡ, ಇವುಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಹಾಗೆಯೇ ಹೊರಬೀಳುತ್ತದೆ. ಅದು ಕ್ಷಾರ, ಪಿಎಚ್ 8ರಿಂದ 9. ಇಷ್ಟು ಕ್ಷಾರವಿದ್ದಾಗ ಸ್ಟ್ರಿಪ್ಪಿನ ಪ್ರೋಟೀನ್ ಚೌಕ ಸುಳ್ಳೇ ಹಸಿರಾಗುತ್ತದೆ, ಅದನ್ನು ಕಿಡ್ನಿ ರೋಗ ಎಂದು ಓದಬೇಡ. ಸಕ್ಕರೆಯ ಚೌಕಕ್ಕೆ ಇನ್ನೊಂದು ದೋಷ: ಮೂತ್ರದಲ್ಲಿ ವಿಟಮಿನ್ ಸಿ ತುಂಬಿದ್ದರೆ ಅದು ಬಣ್ಣ ಏಳಲು ಬಿಡುವುದಿಲ್ಲ, ಇರುವ ಸಕ್ಕರೆಯೂ ಕಾಣದೆ ಹೋಗಬಹುದು. ವಿಟಮಿನ್ ಸಿ ಹನಿ ಹಾಕುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಚೌಕ ಬಣ್ಣ ತಿರುಗಿದರೆ ಮರುದಿನ ಮತ್ತೊಮ್ಮೆ ನೋಡು, ಕೀಟೋನ್ ಚೌಕವನ್ನೂ ನೋಡು, ಫೋಟೊ ತೆಗೆದಿಡು. ಇನ್ಸುಲಿನ್ನಿನ ಯೋಚನೆ ನಿನಗೆ ಬೇಡ. ಗಿನಿಪಿಗ್ಗಿನ ಇನ್ಸುಲಿನ್ನಿನ ರಚನೆಯೇ ಬೇರೆ ಪ್ರಾಣಿಗಳದಕ್ಕಿಂತ ಬಹಳ ಭಿನ್ನ, ಮತ್ತೆ ಎಷ್ಟೋ ಪ್ರಾಣಿಗಳು ಸಿಹಿ ಬಿಡಿಸಿ ಹುಲ್ಲು ಹೆಚ್ಚಿಸಿದರೆ ಸುಧಾರಿಸುತ್ತವೆ. ಹೆದರಿದ ಪ್ರಾಣಿಯ ರಕ್ತದ ಸಕ್ಕರೆ ಸುಮ್ಮಸುಮ್ಮನೆ ಏರುವುದರಿಂದ ಒಂದೇ ಅಂಕಿ ನೋಡಿ ಸಕ್ಕರೆ ಕಾಯಿಲೆ ಎನ್ನಲು ಡಾಕ್ಟರೂ ಹಿಂದೆಮುಂದೆ ನೋಡುತ್ತಾರೆ.

ತಿನ್ನುವುದನ್ನೇ ಬಿಟ್ಟು ಮೂಲೆಯಲ್ಲಿ ಮುದುಡಿ ಕೂತಿದ್ದರೆ ಮೇಲಿನದೆಲ್ಲ ಆಮೇಲೆ. ಕಿಡ್ನಿ ಇರಬಹುದು, ಮೂತ್ರಕೋಶದ ಕಲ್ಲಿರಬಹುದು (ಮೂತ್ರ ಮಾಡುವಾಗ ಚೀರುತ್ತಾನೆ, ಹಾಸಿನ ಮೇಲೆ ಕೆಂಪು ಕಾಣುತ್ತದೆ, ಕಲ್ಲು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ), ಒಳಗೆಲ್ಲೋ ಕೀವಿರಬಹುದು. ಯಾವುದಾದರೂ ಇರಲಿ, ಅರ್ಧ ದಿನ ಏನನ್ನೂ ತಿನ್ನದ ಗಿನಿಪಿಗ್ ಅವಸರದ ರೋಗಿ. ಅದರ ಕರುಳು ಸದಾ ನಡೆಯುತ್ತಿರಬೇಕು, ನಿಂತರೆ ಗಾಳಿ ತುಂಬಿ ಯಕೃತ್ತೂ ಕೆಡುತ್ತದೆ. ಸೋಮವಾರದ ತನಕ ನೋಡೋಣ ಎನ್ನುವ ಹಾಗಿಲ್ಲ.

ಮೇವಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಕ್ಕಾಲುಪಾಲು ಜಡ್ಡು ಅಲ್ಲಿಂದ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಗಿನಿಪಿಗ್ಗಿಗೆ ಬರೀ ಕಾಳು, ಬ್ರೆಡ್ಡು ಹಾಕಿ ನೋಡಿದರು. ಅವು ಸೊರಗಿ, ಎಲುಬು ಶಿಥಿಲವಾಗಿ ಸತ್ತವು. ಹಡಗಿನ ನಾವಿಕರಿಗೆ ಬರುತ್ತಿದ್ದ ಸ್ಕರ್ವಿಯೇ ಅದು. ನಾಯಿ, ಇಲಿ, ದನ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ಮಾಡಿಕೊಳ್ಳುತ್ತವೆ, ಗಿನಿಪಿಗ್ಗಿಗೂ ನಮಗೂ ಆ ಭಾಗ್ಯವಿಲ್ಲ. ಕೇಜಿ ಮೈತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಜಡ್ಡಿನಲ್ಲಿದ್ದಾಗ ಹೆಚ್ಚು. ಪೆಲೆಟ್ಟಿನಲ್ಲಿ ಹಾಕಿರುತ್ತಾರೆ ನಿಜ, ಆದರೆ ತಯಾರಾಗಿ ಮೂರು ತಿಂಗಳಾಗುವಷ್ಟರಲ್ಲಿ ಅದು ಬಹಳಷ್ಟು ನಾಶವಾಗಿರುತ್ತದೆ. ಚೀಲದ ಮೇಲಿನ ತಾರೀಖು ನೋಡು, ಅಂಗಡಿಯವನು ಡಬ್ಬಿಯಿಂದ ಬಿಡಿಯಾಗಿ ತೂಗಿಕೊಟ್ಟದ್ದಾದರೆ ತಾರೀಖೇ ಇಲ್ಲ. ಡೊಣ್ಣ ಮೆಣಸಿನಕಾಯಿಯ ಒಂದು ದಪ್ಪ ಹೋಳು, ಒಂದು ಹಿಡಿ ಕೊತ್ತಂಬರಿ ದಿನಾ ಸಿಕ್ಕರೆ ಸಾಕು, ನೆಲ್ಲಿಕಾಯಿಯ ಕಾಲದಲ್ಲಿ ಅದರ ಚೂರು. ಹನಿಯನ್ನು ಕುಡಿಯುವ ಬಾಟಲಿಗೆ ಬೆರೆಸಬೇಡ, ಬೆಳಕಿಗೆ ಅದು ಹಾಳಾಗುತ್ತದೆ, ರುಚಿ ಕೆಟ್ಟು ಅವನು ನೀರೇ ಬಿಟ್ಟರೆ ನಿನ್ನ ಅಳತೆಯೆಲ್ಲ ವ್ಯರ್ಥ.

ಹೊಟ್ಟೆಯ ಮುಖ್ಯ ಪಾಲು ಹುಲ್ಲು. ಆನ್‌ಲೈನಿನ ಟಿಮೋಥಿ ಹುಲ್ಲು ತುಟ್ಟಿ, ಆದರೆ ಕರಕಿಯೇನು ಪರದೇಶದ್ದಲ್ಲ. ಗಣಪತಿಗೆ ಏರಿಸುವುದನ್ನೇ ಇವನಿಗೂ ಹಾಕು. ಕುಸುಗಲ್ ರಸ್ತೆಯ ಬದಿಯದು ಬೇಡ, ಹೊಗೆ ಕುಡಿದದ್ದು, ನಾಯಿ ಮೂತ್ರ ಬಿದ್ದದ್ದು. ಹಳ್ಳಿಯಿಂದ ಯಾರಾದರೂ ತಂದುಕೊಟ್ಟರೆ ಎಳೆ ಜೋಳದ ಹಸಿ ಸೊಪ್ಪೆಯನ್ನು ದೂರ ಇಡು, ಅದರ ವಿಷಕ್ಕೆ ಎತ್ತುಗಳೇ ಬೀಳುವುದು ನಮ್ಮ ರೈತರಿಗೆ ಗೊತ್ತು. ಕುದುರೆ ಮೆಂತೆ, ಪಾಲಕ ಇವೆರಡೂ ದಿನಾ ಬೇಡ, ಕಲ್ಲಾಗುವ ಪ್ರಾಣಿಗಂತೂ ಬೇಡವೇ ಬೇಡ. ಪೇರಲ, ಚಿಕ್ಕು, ಆಪೂಸಿನ ತುಂಡು ಯಾವಾಗಲೋ ಒಮ್ಮೆ. ಮತ್ತೆ ಮನೆಗೆ ಬಂದ ಹುಡುಗರು ಪಂಜರದೊಳಗೆ ಏನೇನು ತೂರಿಸುತ್ತಾರೆಂದು ಪತ್ತೆ ಹಚ್ಚು. ಉಪ್ಪು ಬಿದ್ದ ಗಿರಮಿಟ್ಟು, ಬಿಸ್ಕಿಟ್ಟು, ಧಾರವಾಡ ಪೇಢೆಯ ಚೂರು, ಇವೇ ನೀರಡಿಕೆಯ ಕಾರಣವಾಗಿ ಹೊರಬೀಳಬಹುದು. ಹಾಗಾದರೆ ಎಲ್ಲರಿಗಿಂತ ನಾನೇ ಖುಷಿಪಡುತ್ತೇನೆ.

ಮನೆಯ ಔಷಧಿ ಡಬ್ಬಿಗೆ ಬೀಗ ಹಾಕು. ಥೈರಾಯ್ಡ್ ಮಾತ್ರೆಯಂತೆಯೇ ಆ್ಯಂಟಿಬಯೊಟಿಕ್ಕೂ ಅಪಾಯ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಗೆ ಹಾಕಿದರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಗಳು ಬೆಳೆದು, ಕೆಲವೇ ದಿನದಲ್ಲಿ ಪ್ರಾಣವೇ ಹೋಗುತ್ತದೆ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿಯವರ ತಂಡ ಎಂಟು ಇಲಿಗಳಿಗೆ ರೋಗ ಹತ್ತಿಸಿ ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟಿತು. ಔಷಧ ಸಿಗದ ನಾಲ್ಕೂ ಮರುದಿನಕ್ಕೆ ಸತ್ತವು, ಸಿಕ್ಕ ನಾಲ್ಕು ಬದುಕಿದ್ದವು. ಆ ದಿನ ಇಲಿಯ ಬದಲು ಗಿನಿಪಿಗ್ಗನ್ನು ಆರಿಸಿದ್ದರೆ ಪೆನಿಸಿಲಿನ್ನನ್ನು ವಿಷವೆಂದು ಮೂಲೆಗೆ ಹಾಕುತ್ತಿದ್ದರೋ ಏನೋ. ಡಾಕ್ಟರು ಬರೆದುಕೊಟ್ಟರೂ ಒಮ್ಮೆ ಕೇಳು, ‘ಇದು ಗಿನಿಪಿಗ್ಗಿಗೆ ನಡೀತದೇನ್ರಿ?’ ಒಳ್ಳೆಯ ಡಾಕ್ಟರು ಕೇಳಿದ್ದಕ್ಕೆ ಸಿಟ್ಟಾಗುವುದಿಲ್ಲ.

ಡಾಕ್ಟರನ್ನು ಹುಡುಕುವಾಗ ಮೊದಲು ಫೋನ್ ಮಾಡು. ಇಲ್ಲಿ ದಿನಾ ಆಕಳು, ಎಮ್ಮೆ, ನಾಯಿ ನೋಡುವವರೇ ಬಹಳ. ‘ಮೊಲ, ಗಿನಿಪಿಗ್ ನೋಡ್ತೀರೇನ್ರಿ, ಹಿಂದಿನ ಹಲ್ಲು ನೋಡೂ ಸಲಕರಣೆ ಐತೇನ್ರಿ’ ಎಂದು ಕೇಳಿದರೆ ಉತ್ತರದಲ್ಲೇ ಅನುಭವ ಗೊತ್ತಾಗುತ್ತದೆ. ಇಲ್ಲಿ ಆಗದಿದ್ದರೆ ಗದಗಿನಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜಿದೆ, ಅಲ್ಲಿಗೂ ಫೋನ್ ಮಾಡಿ ವಿಚಾರಿಸಿಯೇ ಹೊರಡು. ಬಿಸಿಲೇರುವ ಮೊದಲು ಹೋಗಿ ಮುಟ್ಟು. ಬುಟ್ಟಿಯಲ್ಲಿ ಹುಲ್ಲು, ಸೌತೆಕಾಯಿ ಇರಲಿ. ನಾಯಿಯ ಹಾಗೆ ಹಸಿವಿನಲ್ಲಿ ಒಯ್ಯಬೇಕು ಎಂದು ಯಾರಾದರೂ ಅಂದರೆ ಕೇಳಬೇಡ, ಗಿನಿಪಿಗ್ ವಾಂತಿ ಮಾಡುವುದಿಲ್ಲ, ಉಪವಾಸದಿಂದ ಅದಕ್ಕೆ ಕೇಡೇ ಹೆಚ್ಚು.

ಖರ್ಚಿನ ಮಾತು ಬಂದೇ ಬರುತ್ತದೆ. ನಿಮ್ಮಪ್ಪ ‘ತಂದದ್ದು ಎಷ್ಟಕ್ಕ, ಖರ್ಚು ಎಷ್ಟು’ ಎನ್ನುತ್ತಾನೆ, ಅದು ತಪ್ಪು ಮಾತೂ ಅಲ್ಲ. ಅದಕ್ಕೇ ಡಾಕ್ಟರ ಎದುರು ಮುಚ್ಚುಮರೆ ಇಲ್ಲದೆ ಹೇಳು, ಒಂದಾದ ಮೇಲೆ ಒಂದು ನೋಡೋಣ ಎಂದು. ಬಾಯಿ ನೋಡುವುದಕ್ಕೂ ಮೂತ್ರದ ಸ್ಟ್ರಿಪ್ಪಿಗೂ ಹೆಚ್ಚು ದುಡ್ಡು ಬೇಕಿಲ್ಲ, ಮೊದಲು ಅವೆರಡು. ಅಲ್ಲಿ ಸಿಗದಿದ್ದರೆ ಎಕ್ಸ್‌ರೇ. ರಕ್ತ ಕೊನೆಗೆ: ಇವುಗಳ ನಾಳ ಎಳೆಯಷ್ಟು ಸಣ್ಣವು, ಇಡೀ ಮೈಯಲ್ಲಿರುವ ರಕ್ತವೇ ಕೇಜಿಗೆ ಸುಮಾರು 70 ಮಿಲಿ. ತೆಗೆಯುವುದಾದರೆ ಯೂರಿಯಾ, ಕ್ರಿಯಾಟಿನಿನ್, ಸಕ್ಕರೆ, ಟಿ4 ಎಲ್ಲವನ್ನೂ ಒಂದೇ ಸಲದ ರಕ್ತದಲ್ಲಿ ನೋಡಿಸು, ಮತ್ತೆ ಮತ್ತೆ ಚುಚ್ಚಿಸಬೇಡ. ತೂಕ ಬರೆದ ಕ್ಯಾಲೆಂಡರಿನ ಹಾಳೆ, ನೀರಿನ ಲೆಕ್ಕ, ಪೆಲೆಟ್ಟಿನ ಚೀಲ, ಆ ಟಾನಿಕ್ಕಿನ ಬಾಟಲಿ, ಮೊಬೈಲಿನ ವಿಡಿಯೊ, ಇಷ್ಟನ್ನೂ ಒಯ್ಯಿ. ಔಷಧ ಶುರುವಾದ ಮೇಲೂ ತಕ್ಕಡಿಯನ್ನು ಅಡುಗೆಮನೆಗೆ ಮರಳಿಸಬೇಡ, ಅಮ್ಮನಿಗೆ ಬೇರೊಂದು ಕೊಡಿಸು.